ಪಡೆ ಮತ್ತು ಪಡಿ: ಪ್ರಾಚೀನ ಪಾರಸಿಕ ಸೈನ್ಯದ ಅಧ್ಯಯನವನ್ನು ಕುರಿತು

ಪ್ರಾಚೀನ ಪಾರಸಿಕ ಸಾಮ್ರಾಜ್ಯದ ಸೈನ್ಯವನ್ನು ಕುರಿತು ಬರೆಯಹೊರಟವರಿಗೆ ಮೊದಲ ತೊಡಕು ಹೆಸರುಗಳಲ್ಲಿಯೇ ಎದುರಾಗುತ್ತದೆ. ಬಿಸುತೂನ್ ಬಂಡೆಯ ಮೇಲೆ ತನ್ನನ್ನು ದಾರಯವಹು ಎಂದು ಕರೆದುಕೊಂಡ ಅರಸನನ್ನು ನಾವು ಡೇರಿಯಸ್ ಎನ್ನುತ್ತೇವೆ. ಅವನ ಮಗ ಕ್ಷಯಾರ್ಷನನ್ನು ಕ್ಸೆರ್ಕ್ಸೀಸ್ ಎನ್ನುತ್ತೇವೆ. ಸಂಸ್ಕೃತದ ಪರಿಚಯವುಳ್ಳ ಕನ್ನಡ ಓದುಗನಿಗೆ ಮೂಲ ಹೆಸರುಗಳೇ ಹೆಚ್ಚು ಹತ್ತಿರದವಾಗಿ ಕೇಳಿಸಬೇಕಾಗಿತ್ತು. ಆದರೆ ಅವು ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮ್ಮ ಪಠ್ಯಪುಸ್ತಕಗಳಿಗೆ ಬಂದಿವೆ. ಹೆಸರು ರೂಢಿಗೆ ಬಿದ್ದ ಮೇಲೆ ಅದನ್ನು ಬದಲಿಸುವ ಹಟ ಬೇಡ. ಈ ಲೇಖನದಲ್ಲಿಯೂ ರೂಢಿಯ ರೂಪಗಳನ್ನೇ ಬಳಸಲಾಗಿದೆ. ಹೆಸರುಗಳು ಬಂದ ದಾರಿಯಲ್ಲಿಯೇ ಆ ಸೈನ್ಯದ ಚಿತ್ರವೂ ಬಂದಿದೆ ಎಂಬುದು ಮಾತ್ರ ಚಿಂತಿಸಬೇಕಾದ ಸಂಗತಿ. ಲೆಕ್ಕವಿಲ್ಲದಷ್ಟು ಜನ, ಚಾಟಿಯ ಹೊಡೆತಕ್ಕೆ ಮುಂದೆ ಸಾಗುವ ಸೈನಿಕರು, ಸಿಂಹಾಸನದ ಮೇಲೆ ಕುಳಿತು ಸೋಲನ್ನು ನೋಡುವ ಅರಸ: ಇಷ್ಟರಲ್ಲಿಯೇ ಎರಡು ಶತಮಾನಗಳಿಗೂ ಮೀರಿ ಬಾಳಿದ ಒಂದು ಸೇನಾವ್ಯವಸ್ಥೆಯ ಕಥೆ ಮುಗಿದುಹೋಗುತ್ತದೆ. ಈ ಚಿತ್ರವನ್ನು ಬರೆದವರು ಆ ಸೈನ್ಯದ ಶತ್ರುಗಳು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಮೇಲೆಯೂ ಅಧ್ಯಯನದ ಪ್ರಶ್ನೆಗಳು ಮಾತ್ರ ಆ ಶತ್ರುಗಳವೇ ಆಗಿ ಉಳಿದಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಹೆರೊಡೋಟಸನ ಅಂಕಿಗಳಿಂದಲೇ ಆರಂಭಿಸಬಹುದು. ಕ್ರಿ.ಪೂ. ೪೮೦ರಲ್ಲಿ ಗ್ರೀಸಿನ ಮೇಲೆ ಏರಿಬಂದ ಕ್ಸೆರ್ಕ್ಸೀಸನ ಕಾಲಾಳುಗಳು ೧೭,೦೦,೦೦೦ ಎಂದು ಅವನು ಹೇಳುತ್ತಾನೆ. ಥ್ರೇಸಿನ ಡೊರಿಸ್ಕಸ್ ಬಯಲಿನಲ್ಲಿ ಹತ್ತು ಸಾವಿರ ಜನರನ್ನು ಒತ್ತೊತ್ತಾಗಿ ನಿಲ್ಲಿಸಿ, ಅವರ ಸುತ್ತ ಗೆರೆ ಎಳೆದು, ಅದರ ಮೇಲೆ ಗೋಡೆ ಕಟ್ಟಿ, ಉಳಿದವರನ್ನು ತಂಡತಂಡವಾಗಿ ಅದರೊಳಗೆ ತುಂಬಿ ಎಣಿಸಿದರಂತೆ. ಕುದುರೆ ಸವಾರರು, ನಾವಿಕರು, ದಾರಿಯಲ್ಲಿ ಸೇರಿದವರು, ಊಳಿಗದವರು ಎಲ್ಲರನ್ನೂ ಕೂಡಿಸಿದಾಗ ಮೊತ್ತ ೫೨,೮೩,೨೨೦. ಅವನು ಇಲ್ಲಿಗೆ ನಿಲ್ಲುವುದಿಲ್ಲ. ಒಬ್ಬನಿಗೆ ದಿನಕ್ಕೆ ಒಂದು ಖೊಯ್ನಿಕ್ಸ್ ಗೋಧಿ ಎಂದು ಹಿಡಿದರೂ ದಿನವೊಂದಕ್ಕೆ ೧,೧೦,೩೪೦ ಮೆಡಿಮ್ನಸ್ ಧಾನ್ಯ ಬೇಕಾಗುತ್ತಿತ್ತೆಂದು ಲೆಕ್ಕ ಹಾಕುತ್ತಾನೆ. ಒಂದು ಮೆಡಿಮ್ನಸಿಗೆ ೪೮ ಖೊಯ್ನಿಕ್ಸ್. ಹಾಗಾಗಿ ಭಾಗಾಕಾರ ಸರಿಯಾಗಿ ಮಾಡಿದ್ದರೆ ಉತ್ತರ ಸುಮಾರು ೧,೧೦,೦೬೭ ಬರಬೇಕಿತ್ತು. ಈ ಚಿಕ್ಕ ತಪ್ಪನ್ನು ಪಂಡಿತರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇಂದಿನ ಅಳತೆಗೆ ತಂದರೆ ಇದು ದಿನಕ್ಕೆ ನಾಲ್ಕು ಸಾವಿರ ಟನ್ನಿಗೂ ಹೆಚ್ಚಿನ ಗೋಧಿ. ಒಂದು ಒಂಟೆ ಇನ್ನೂರು ಕಿಲೋ ಹೊರುತ್ತದೆಂದು ಇಟ್ಟುಕೊಂಡರೂ ಒಂದೇ ದಿನದ ಊಟಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಒಂಟೆಗಳು ಬೇಕು; ಆ ಒಂಟೆಗಳ ಮೇವಿನ ಮಾತು ಬೇರೆ.

ಈ ಅಂಕಿಗಳು ಅಸಾಧ್ಯವೆಂಬುದನ್ನು ಆಧುನಿಕ ಕಾಲದಲ್ಲಿ ಗಟ್ಟಿಯಾಗಿ ಹೇಳಿದವನು ಜರ್ಮನಿಯ ಹಾನ್ಸ್ ಡೆಲ್‌ಬ್ರೂಕ್. ಇಷ್ಟು ದೊಡ್ಡ ಸೈನ್ಯ ಸಾಲಾಗಿ ನಡೆದರೆ ಅದರ ತಲೆ ಥರ್ಮೋಪಿಲೆಯನ್ನು ಮುಟ್ಟಿದಾಗ ಬಾಲ ಇನ್ನೂ ಸೂಸಾ ಪಟ್ಟಣವನ್ನು ಬಿಡುತ್ತಿರುತ್ತದೆಂದು ಅವನು ತೋರಿಸಿದ. ಬ್ರಿಟಿಷ್ ಸೇನಾಧಿಕಾರಿ ಫ್ರೆಡರಿಕ್ ಮಾರಿಸ್ ೧೯೩೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮಾರ್ಗದ ನೀರಿನ ಆಸರೆಗಳನ್ನು ಪರಿಶೀಲಿಸಿ, ಜನರ ಸಂಖ್ಯೆ ಹೆಚ್ಚೆಂದರೆ ಸುಮಾರು ೨,೧೦,೦೦೦ ಇದ್ದೀತೆಂದ. ಅನಂತರ ಬಂದವರು ಇದನ್ನು ಇನ್ನೂ ಇಳಿಸಿದರು. ಹೀಗೆ ನೂರು ವರ್ಷಗಳ ಚರ್ಚೆಯ ಬಹುಭಾಗ ಒಂದು ಸಂಖ್ಯೆಯನ್ನು ಕಡಿಮೆ ಮಾಡುವುದರಲ್ಲಿಯೇ ಕಳೆಯಿತು. ಉತ್ತರ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ‘ಎಷ್ಟು ಜನ ಬಂದರು?’ ಎಂಬುದು ಗ್ರೀಕರಿಗೆ ಸಹಜವಾದ ಪ್ರಶ್ನೆ. ಎದುರಾಳಿಯ ಸಂಖ್ಯೆ ಹೆಚ್ಚಿದಷ್ಟೂ ಗೆಲುವಿನ ಘನತೆ ಹೆಚ್ಚುತ್ತದೆ. ಪಾರಸಿಕ ಅರಸನ ಅಧಿಕಾರಿಗೆ ಇದ್ದ ಪ್ರಶ್ನೆ ಬೇರೆ: ಇವರನ್ನು ಎಲ್ಲಿಂದ ಕರೆಸುವುದು, ದಾರಿಯಲ್ಲಿ ಯಾವ ಕಣಜದಿಂದ ಎಷ್ಟು ಕೊಡುವುದು, ಕೊಟ್ಟದ್ದನ್ನು ಯಾರ ಹೆಸರಿನಲ್ಲಿ ಬರೆಯುವುದು?

ಸೋಜಿಗದ ಮಾತೆಂದರೆ ಈ ಎರಡನೆಯ ಪ್ರಶ್ನೆಗೂ ಹೆರೊಡೋಟಸನಲ್ಲಿಯೇ ಸಾಮಗ್ರಿ ಇದೆ. ದಂಡಯಾತ್ರೆಗೆ ಮೊದಲೇ ಥ್ರೇಸಿನ ಕರಾವಳಿಯ ಲ್ಯೂಕೆ ಆಕ್ತೆ, ತಿರೊದಿಜ, ಡೊರಿಸ್ಕಸ್, ಏಯೋನ್ ಮೊದಲಾದ ಕಡೆಗಳಲ್ಲಿ ದಾಸ್ತಾನು ಮಾಡಿಸಿದ ವಿವರವನ್ನು ಅವನು ಕೊಡುತ್ತಾನೆ. ಸೈನ್ಯಕ್ಕೆ ಒಂದು ಹೊತ್ತಿನ ಊಟ ಹಾಕಲು ಥಾಸೊಸ್ ದ್ವೀಪದವರಿಗೆ ೪೦೦ ಟ್ಯಾಲೆಂಟ್ ಬೆಳ್ಳಿ ಖರ್ಚಾಯಿತೆಂದೂ, ದೊರೆ ದಿನಕ್ಕೆರಡು ಬಾರಿ ಉಣ್ಣುವವನಲ್ಲದ್ದಕ್ಕೆ ದೇವರಿಗೆ ಕೃತಜ್ಞರಾಗಿರಬೇಕೆಂದು ಅಬ್ದೇರಾದ ಮೆಗಾಕ್ರೆಯೋನ್ ತನ್ನ ಊರವರಿಗೆ ಹೇಳಿದನೆಂದೂ ಬರೆಯುತ್ತಾನೆ. ಧಾನ್ಯದ ಲೆಕ್ಕ ಹಾಕಬೇಕೆಂದು ಅವನಿಗೆ ಹೊಳೆದದ್ದೇ ದೊಡ್ಡದು. ಅವನ ಸಂಖ್ಯೆಯನ್ನು ನೋಡಿ ನಕ್ಕವರು ಅವನು ಕೇಳಿದ ಪ್ರಶ್ನೆಯನ್ನು ಕಡೆಗಣಿಸಿದರು. ಹೆರೊಡೋಟಸನನ್ನು ಹೀಗಳೆಯುವುದು ಒಂದು ಕಾಲದ ಫ್ಯಾಷನ್ನಾಗಿತ್ತು. ಅವನು ಹುಟ್ಟಿದ ಹ್ಯಾಲಿಕಾರ್ನಾಸಸ್ ಪಾರಸಿಕ ಆಳಿಕೆಯಲ್ಲಿದ್ದ ಊರು ಎಂಬುದನ್ನು ನೆನೆದರೆ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ಕಣ್ಣಾರೆ ಕಂಡವರ ಮಾತೂ ಸಂಖ್ಯೆಯ ವಿಷಯದಲ್ಲಿ ನಮ್ಮನ್ನು ದಡ ಸೇರಿಸುವುದಿಲ್ಲ. ಕ್ರಿ.ಪೂ. ೪೦೧ರ ಕುನಾಕ್ಸಾ ಯುದ್ಧದಲ್ಲಿ ಕ್ಸೆನೊಫೋನ್ ಒಂದು ಪಾಳೆಯದಲ್ಲಿದ್ದ; ಅರಸ ಎರಡನೆಯ ಅರ್ತಕ್ಸೆರ್ಕ್ಸೀಸನ ಗ್ರೀಕ್ ವೈದ್ಯ ಕ್ಟೀಸಿಯಸ್ ಎದುರು ಪಾಳೆಯದಲ್ಲಿದ್ದ. ಅರಸನ ಸೈನ್ಯದಲ್ಲಿ ಯುದ್ಧಕ್ಕೆ ಒದಗಿದವರು ಒಂಬತ್ತು ಲಕ್ಷ ಎಂದು ಮೊದಲನೆಯವನ ಲೆಕ್ಕ, ನಾಲ್ಕು ಲಕ್ಷ ಎಂದು ಎರಡನೆಯವನದು. ಇಬ್ಬರೂ ಅದೇ ದಿನ ಅದೇ ಬಯಲಿನಲ್ಲಿದ್ದವರು.

ಇನ್ನು ‘ಅಮರರು’ ಎಂಬ ಪ್ರಸಿದ್ಧ ಪಡೆಯ ವಿಷಯ. ಒಬ್ಬ ಸತ್ತರೆ ಕೂಡಲೇ ಇನ್ನೊಬ್ಬನನ್ನು ಸೇರಿಸಿ ಸಂಖ್ಯೆಯನ್ನು ಸದಾ ಹತ್ತು ಸಾವಿರಕ್ಕೆ ನಿಲ್ಲಿಸುತ್ತಿದ್ದುದರಿಂದ ಈ ಹೆಸರು ಬಂತೆಂಬುದು ಹೆರೊಡೋಟಸನ ವಿವರಣೆ. ಹಳೆಯ ಪಾರಸಿಕ ಶಾಸನಗಳಲ್ಲಿ ಎಲ್ಲಿಯೂ ಈ ಹೆಸರಿಲ್ಲ. ಅರಸನ ಅನುಯಾಯಿಗಳನ್ನು ಸೂಚಿಸುವ ‘ಅನುಷಿಯ’ ಎಂಬ ಶಬ್ದವನ್ನು ಸಾವಿಲ್ಲದವರೆಂಬ ಅರ್ಥದ ಬೇರೊಂದು ಶಬ್ದದೊಂದಿಗೆ ಗ್ರೀಕರ ಮಾಹಿತಿದಾರನೊಬ್ಬ ಬೆರೆಸಿರಬಹುದೆಂಬ ಊಹೆ ಇದೆ. ಅದನ್ನು ಒಪ್ಪದ ಭಾಷಾವಿಜ್ಞಾನಿಗಳೂ ಇದ್ದಾರೆ. ಈ ವಿವಾದ ಏನೇ ಇರಲಿ, ಸೂಸಾದ ಅರಮನೆಯಿಂದ ತಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇರಿಸಿರುವ ಮೆರುಗಿನ ಇಟ್ಟಿಗೆಗಳ ಬಿಲ್ಲುಗಾರರ ಸಾಲನ್ನು ಪುಸ್ತಕದ ಮೇಲೆ ಪುಸ್ತಕ ‘ಅಮರರು’ ಎಂದು ಗುರುತಿಸುತ್ತದೆ. ಆ ಇಟ್ಟಿಗೆಗಳ ಮೇಲೆ ಹಾಗೆಂದು ಬರೆದಿಲ್ಲ. ಗ್ರೀಕ್ ಗ್ರಂಥದ ಹೆಸರನ್ನು ಪಾರಸಿಕ ಶಿಲ್ಪಕ್ಕೆ ಅಂಟಿಸಿ, ಆ ಶಿಲ್ಪವನ್ನೇ ಗ್ರಂಥಕ್ಕೆ ಪ್ರಮಾಣವಾಗಿ ಒಡ್ಡುವ ಈ ಕ್ರಮ ತರ್ಕದ ದೃಷ್ಟಿಯಿಂದ ಸಾಧುವಲ್ಲ.

ಹಾಗಾದರೆ ಪಾರಸಿಕರ ಸ್ವಂತ ಮಾತು ಏನು? ಬಿಸುತೂನ್ ಶಾಸನ ಎಲಾಮೀಯ, ಬ್ಯಾಬಿಲೋನೀಯ, ಹಳೆಯ ಪಾರಸಿಕ ಎಂಬ ಮೂರು ಭಾಷೆಗಳಲ್ಲಿ ಡೇರಿಯಸ್ ಅಧಿಕಾರ ಹಿಡಿದ ಕಥೆಯನ್ನು ಹೇಳುತ್ತದೆ: ಒಂದೇ ವರ್ಷದಲ್ಲಿ ಹತ್ತೊಂಬತ್ತು ಯುದ್ಧಗಳು, ಒಂಬತ್ತು ಮಂದಿ ಅರಸರ ಸೆರೆ. ಇದು ಪ್ರಶಸ್ತಿ. ಶಾಸನದ ಪ್ರಶಸ್ತಿ ಭಾಗವನ್ನು ಒಂದು ಬಗೆಯಲ್ಲಿಯೂ ದಾನದ ವಿವರವನ್ನು ಇನ್ನೊಂದು ಬಗೆಯಲ್ಲಿಯೂ ಓದಬೇಕೆಂಬ ಶಿಸ್ತು ಕರ್ನಾಟಕದ ಶಾಸನಾಧ್ಯಯನಕ್ಕೆ ಹೊಸದಲ್ಲ. ಅದೇ ಎಚ್ಚರ ಇಲ್ಲಿಯೂ ಬೇಕು. ಆದರೆ ಪ್ರಶಸ್ತಿಯೂ ತನಗರಿವಿಲ್ಲದೆ ಕೆಲವು ಸತ್ಯಗಳನ್ನು ಹೇಳಿಬಿಡುತ್ತದೆ. ಈ ಶಾಸನದಲ್ಲಿ ಸೈನ್ಯಕ್ಕೆ ಬಳಕೆಯಾಗುವ ಪದ ‘ಕಾರ’. ಅದಕ್ಕೆ ಸೈನ್ಯ ಎಂಬ ಅರ್ಥವೂ ಉಂಟು, ಜನ ಎಂಬ ಅರ್ಥವೂ ಉಂಟು. ಪಾರಸಿಕ ಕಾರ, ಮಾದ ಕಾರ ಎನ್ನುವಾಗ ಆಯುಧ ಹಿಡಿದ ಜನಸಮುದಾಯವೇ ಕಣ್ಣಮುಂದೆ ಬರುತ್ತದೆ. ಅನುವಾದಕರು ಒಂದು ಸಾಲಿನಲ್ಲಿ ‘ಸೈನ್ಯ’ ಎಂದೂ ಇನ್ನೊಂದರಲ್ಲಿ ‘ಜನತೆ’ ಎಂದೂ ಆಯ್ದುಕೊಳ್ಳುವಾಗ, ಮೂಲದಲ್ಲಿಲ್ಲದ ಒಂದು ಗೋಡೆಯನ್ನು ನಡುವೆ ಎಬ್ಬಿಸುತ್ತಾರೆ. ಬೇಸಾಯ ಮಾಡುವವನು, ತೆರಿಗೆ ಕೊಡುವವನು, ಬಿಲ್ಲು ಹಿಡಿಯುವವನು ಒಬ್ಬನೇ ಆಗಿರಬಹುದಾದ ವ್ಯವಸ್ಥೆಯನ್ನು ಆ ಗೋಡೆಯ ಮೇಲಿಂದ ನೋಡುವುದು ಕಷ್ಟ.

ಈ ವ್ಯವಸ್ಥೆಯ ದಿನಚರಿ ನಮಗೆ ಸಿಕ್ಕಿರುವುದು ಮಣ್ಣಿನ ಫಲಕಗಳಲ್ಲಿ. ೧೯೩೩–೩೪ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಪ್ರಾಚ್ಯ ಸಂಸ್ಥೆಯ ಪರವಾಗಿ ಎರ್ನ್ಸ್ಟ್ ಹೆರ್ಟ್ಸ್‌ಫೆಲ್ಡ್ ಪರ್ಸೆಪೊಲಿಸಿನಲ್ಲಿ ಉತ್ಖನನ ನಡೆಸುತ್ತಿದ್ದಾಗ ಕೋಟೆಗೋಡೆಯ ಭಾಗದಲ್ಲಿ ಸಾವಿರಾರು ಫಲಕಗಳೂ ಚೂರುಗಳೂ ದೊರೆತವು. ಹೆಚ್ಚಿನವು ಎಲಾಮೀಯ ಭಾಷೆಯವು, ಕಾಲ ಕ್ರಿ.ಪೂ. ೫೦೯ರಿಂದ ೪೯೩. ರಿಚರ್ಡ್ ಹಾಲಕ್ ೧೯೬೯ರಲ್ಲಿ ೨,೦೮೭ ಪಠ್ಯಗಳನ್ನು ಪ್ರಕಟಿಸಿದ. ಇವುಗಳಲ್ಲಿ ಯುದ್ಧವಿಲ್ಲ, ವೀರರಿಲ್ಲ. ಇರುವುದು ಪಡಿ: ಯಾರಿಗೆ ಎಷ್ಟು ಹಿಟ್ಟು, ಎಷ್ಟು ಮದ್ಯ, ಯಾವ ಅಧಿಕಾರಿಯ ಮೊಹರು, ಯಾವ ತಿಂಗಳು. ಪ್ರಯಾಣಿಕನಿಗೆ ಸಾಮಾನ್ಯವಾಗಿ ದಿನಕ್ಕೆ ಒಂದೂವರೆ ಕ್ವಾ ಹಿಟ್ಟು, ಜೊತೆಯ ಹುಡುಗನಿಗೆ ಒಂದು ಕ್ವಾ. ಕ್ವಾ ಎಂದರೆ ಒಂದು ಲೀಟರಿಗಿಂತ ತುಸು ಕಡಿಮೆ. ಹೆರೊಡೋಟಸನ ಖೊಯ್ನಿಕ್ಸ್ ಒಂದು ಲೀಟರಿಗಿಂತ ತುಸು ಹೆಚ್ಚು. ಅವನ ಜನಸಂಖ್ಯೆ ಆಕಾಶಕ್ಕೆ ಏರಿದ್ದರೂ ತಲಾ ಪಡಿಯ ಅಂದಾಜು ಪಾರಸಿಕ ಉಗ್ರಾಣಿಯ ಲೆಕ್ಕಕ್ಕೆ ಹತ್ತಿರದಲ್ಲಿಯೇ ಇದೆ. ಇಡೀ ಆಡಳಿತದ ಮುಖ್ಯಸ್ಥನಾಗಿದ್ದ ಪರ್ನಕ್ಕ ಎಂಬವನಿಗಾದರೋ ದಿನಕ್ಕೆ ೧೮೦ ಕ್ವಾ ಹಿಟ್ಟು, ೯೦ ಕ್ವಾ ದ್ರಾಕ್ಷಾರಸ, ಎರಡು ಕುರಿ. ಅಷ್ಟನ್ನೂ ಅವನೊಬ್ಬನೇ ತಿಂದನೆಂದಲ್ಲ. ಅವನ ಪರಿವಾರದ ಹೊಟ್ಟೆ ಆ ಅಂಕಿಯೊಳಗಿದೆ.

ಈ ಫಲಕಗಳು ಯುದ್ಧದ ಇತಿಹಾಸಕ್ಕೆ ಏನು ಕೊಡಬಲ್ಲವು ಎಂದು ಸಂದೇಹಪಡುವವರಿಗೆ ಒಂದೇ ನಿದರ್ಶನ ಸಾಕು. ಹಾಲಕ್ ತನ್ನ ಗ್ರಂಥದಲ್ಲಿ ಸೇರಿಸದೆ ಲಿಪ್ಯಂತರ ಮಾಡಿಟ್ಟಿದ್ದ ಪಠ್ಯವೊಂದರಲ್ಲಿ ದತಿಯ ಎಂಬವನು ಏಳು ಮರ್ರಿಶ್, ಎಂದರೆ ೭೦ ಕ್ವಾ ಮದ್ಯವನ್ನು ಪಡಿಯಾಗಿ ಪಡೆದ ದಾಖಲೆ ಇದೆ. ಅವನು ಅರಸನ ಮೊಹರಿನ ಪತ್ರ ಹೊತ್ತು ಪಶ್ಚಿಮದ ಸಾರ್ಡಿಸಿನಿಂದ ತ್ವರಿತ ಪ್ರಯಾಣದಲ್ಲಿ ಅರಸನ ಬಳಿಗೆ ಬರುತ್ತಿದ್ದ. ಕಾಲ ಕ್ರಿ.ಪೂ. ೪೯೪ರ ಆರಂಭ. ಈ ದತಿಯನೇ ನಾಲ್ಕು ವರ್ಷಗಳ ಅನಂತರ ಮ್ಯಾರಥಾನಿಗೆ ಸೈನ್ಯ ಕೊಂಡೊಯ್ದ ಮಾದ ದೇಶದ ದಾತಿಸ್ ಎಂದು ಡೇವಿಡ್ ಲೂಯಿಸ್ ೧೯೮೦ರಲ್ಲಿ ಗುರುತಿಸಿದ. ಗ್ರೀಕರು ಕಂಡ ದಾತಿಸ್ ಡೀಲೊಸಿನಲ್ಲಿ ೩೦೦ ಟ್ಯಾಲೆಂಟ್ ಧೂಪ ಸುಟ್ಟವನು, ಕೊನೆಗೆ ಸೋತವನು. ಫಲಕದ ದತಿಯ ಅಯೋನಿಯದ ದಂಗೆ ಇನ್ನೂ ಆರದಿದ್ದಾಗ ಪಶ್ಚಿಮದ ಗಡಿಯಿಂದ ಹಿಂದಿರುಗುತ್ತಿದ್ದ ಹಿರಿಯ ಅಧಿಕಾರಿ. ಅದೇ ವರ್ಷ ಲಾಡೆಯಲ್ಲಿ ದಂಗೆಕೋರರ ನೌಕಾಪಡೆ ಮುರಿದುಬಿತ್ತು. ಅವನ ಪ್ರಯಾಣಕ್ಕೂ ಆ ಗೆಲುವಿಗೂ ಸಂಬಂಧವಿತ್ತೆಂದು ಫಲಕ ಹೇಳುವುದಿಲ್ಲ. ಮ್ಯಾರಥಾನನ್ನು ಒಂದು ದಿನದ ಕಾಳಗವಾಗಿ ಓದುವ ಅಭ್ಯಾಸವನ್ನಂತೂ ಅದು ಕದಲಿಸುತ್ತದೆ.

ಇಂಥ ಆಕರ ಹರಾಜಿನ ಕಟ್ಟೆ ಏರುವ ಅಪಾಯದಲ್ಲಿತ್ತೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ೧೯೯೭ರಲ್ಲಿ ಜೆರೂಸಲೇಮಿನಲ್ಲಿ ನಡೆದ ಬಾಂಬು ದಾಳಿಯಲ್ಲಿ ಗಾಯಗೊಂಡವರು ಅಮೆರಿಕದ ನ್ಯಾಯಾಲಯದಲ್ಲಿ ಇರಾನ್ ಸರ್ಕಾರದ ವಿರುದ್ಧ ಪರಿಹಾರದ ತೀರ್ಪು ಪಡೆದು, ೧೯೩೬ರಿಂದ ಷಿಕಾಗೊದಲ್ಲಿ ಎರವಲಾಗಿದ್ದ ಈ ಫಲಕಗಳನ್ನು ಜಪ್ತಿ ಮಾಡಿಕೊಡಬೇಕೆಂದು ಕೋರಿದರು. ೨೦೧೮ರ ಫೆಬ್ರುವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಈ ಕೋರಿಕೆಯನ್ನು ತಳ್ಳಿಹಾಕಿತು. ೨೦೧೯ರಲ್ಲಿ ೧,೭೮೩ ಫಲಕಗಳು ಇರಾನಿಗೆ ಮರಳಿದವು. ಸಂತ್ರಸ್ತರ ನೋವು ನಿಜವಾದದ್ದು. ಆದರೆ ಈ ಸಂಗ್ರಹ ಬಿಡಿಬಿಡಿಯಾಗಿ ಮಾರಾಟವಾಗಿದ್ದರೆ ಒಂದೊಂದು ಫಲಕವೂ ಗಾಜಿನ ಪೆಟ್ಟಿಗೆಯ ಅಲಂಕಾರವಾಗುತ್ತಿತ್ತು. ಎರಡು ಫಲಕಗಳ ಮೇಲೆ ಒಂದೇ ಮೊಹರು, ಮೂರು ಊರುಗಳಲ್ಲಿ ಒಬ್ಬನೇ ಪ್ರಯಾಣಿಕ, ತಿಂಗಳ ಲೆಕ್ಕವೂ ವರ್ಷದ ಲೆಕ್ಕವೂ ತಾಳೆಯಾಗುವುದು: ಇವೆಲ್ಲ ಸಂಗ್ರಹ ಇಡಿಯಾಗಿದ್ದರೆ ಮಾತ್ರ ಸಾಧ್ಯ. ಮೊಕದ್ದಮೆಯ ವರ್ಷಗಳಲ್ಲಿ ಅಲ್ಲಿನ ವಿದ್ವಾಂಸರು ಹಗಲಿರುಳು ದುಡಿದು ಫಲಕಗಳ ಛಾಯಾಚಿತ್ರಗಳನ್ನು ತೆಗೆದಿಟ್ಟದ್ದಕ್ಕೆ ಈ ಭಯವೂ ಒಂದು ಕಾರಣ.

ಪರ್ಸೆಪೊಲಿಸ್ ಕಣಜದ ಕಡೆಯಿಂದ ನೋಡಿದರೆ, ಬ್ಯಾಬಿಲೋನಿಯದ ನಿಪ್ಪೂರ್ ಪಟ್ಟಣದ ದಾಖಲೆಗಳು ಹೊಲದ ಕಡೆಯಿಂದ ನೋಡುತ್ತವೆ. ೧೮೯೩ರಲ್ಲಿ ಅಲ್ಲಿ ದೊರೆತ ಮುರಶೂ ಮನೆತನದ ಎಂಟುನೂರಕ್ಕೂ ಹೆಚ್ಚು ಫಲಕಗಳು ಕ್ರಿ.ಪೂ. ೫ನೆಯ ಶತಮಾನದ ಉತ್ತರಾರ್ಧದವು. ಈ ಮನೆತನದವರು ಸಾಲ ಕೊಡುವವರು, ಗೇಣಿಗೆ ಭೂಮಿ ಹಿಡಿಯುವವರು, ನೀರಿನ ಹಕ್ಕಿನ ವ್ಯಾಪಾರಿಗಳು. ಇವರ ಪತ್ರಗಳಲ್ಲಿ ಬಿಲ್ಲಿನ ಭೂಮಿ, ಕುದುರೆಯ ಭೂಮಿ, ರಥದ ಭೂಮಿ ಎಂಬ ಮೂರು ಬಗೆಯ ಹಿಡುವಳಿಗಳು ಕಾಣುತ್ತವೆ. ಭೂಮಿ ಉಣ್ಣುವವನು ಅರಸನ ಕರೆ ಬಂದಾಗ ಬಿಲ್ಲುಗಾರನನ್ನೋ ಸವಾರನನ್ನೋ ಒದಗಿಸಬೇಕು, ಇಲ್ಲವೆ ಬೆಳ್ಳಿ ತೆರಬೇಕು. ಇಂಥ ಹಿಡುವಳಿದಾರರ ಗುಂಪುಗಳಿಗೆ ಹತ್ರು ಎಂದು ಹೆಸರು.

ಈ ಕಾಲದ ಒಂದು ಒಪ್ಪಂದಪತ್ರವನ್ನು ಇಡೀ ಅಧ್ಯಯನದ ಮಧ್ಯದಲ್ಲಿ ಇಡಬೇಕೆಂದು ನನಗೆ ಅನ್ನಿಸಿದೆ. ಎರಡನೆಯ ಡೇರಿಯಸನ ಆಳಿಕೆಯ ಎರಡನೆಯ ವರ್ಷ, ಎಂದರೆ ಕ್ರಿ.ಪೂ. ೪೨೨–೪೨೧ರಲ್ಲಿ, ಗದಲ್-ಯಾಮ ಎಂಬ ಯೆಹೂದಿ ಹೆಸರಿನವನು ಮುರಶೂವಿನ ಮಗ ರೀಮೂತ್-ನಿನುರ್ತನ ಬಳಿಗೆ ತಾನಾಗಿ ಬರುತ್ತಾನೆ. ಗದಲ್-ಯಾಮನ ಕುಟುಂಬದ ಭೂಮಿಯಲ್ಲಿ ದತ್ತಕದ ಮೂಲಕ ಮುರಶೂ ಮನೆತನಕ್ಕೆ ಪಾಲು ಸಂದಿದೆ. ಭೂಮಿಯ ಪಾಲು ದಾಟಿದರೂ ಸೈನ್ಯದ ಹೊಣೆ ಉಳಿದೇ ಇದೆ. ಆದ್ದರಿಂದ ಅವನು ಕೇಳುವುದು ಇಷ್ಟು: ಒಂದು ಕುದುರೆ ಮತ್ತು ಅದರ ಸಜ್ಜು, ಕಬ್ಬಿಣದ ಕವಚ, ಶಿರಸ್ತ್ರಾಣ, ಗುರಾಣಿ, ನೂರಕ್ಕೂ ಹೆಚ್ಚು ಬಾಣ, ಎರಡು ಕಬ್ಬಿಣದ ಭರ್ಜಿ, ದಾರಿಖರ್ಚಿಗೆ ಒಂದು ಮೀನಾ ಬೆಳ್ಳಿ. ಇಷ್ಟನ್ನು ಕೊಟ್ಟರೆ ಅರಸನ ಆಜ್ಞೆಯಂತೆ ಉರುಕ್ ಪಟ್ಟಣಕ್ಕೆ ಹೋಗಿ ಮುರಶೂ ಪಾಲಿನ ಸೇವೆಯನ್ನೂ ತಾನೇ ಸಲ್ಲಿಸುತ್ತೇನೆ ಎನ್ನುತ್ತಾನೆ. ರೀಮೂತ್-ನಿನುರ್ತ ಒಪ್ಪಿ ಕೊಡುತ್ತಾನೆ. ಒಬ್ಬ ಸವಾರನನ್ನು ಯುದ್ಧಕ್ಕೆ ಅಣಿಗೊಳಿಸಲು ಏನೇನು ಬೇಕಾಗಿತ್ತೆಂಬುದನ್ನು ಹೆರೊಡೋಟಸನಾಗಲಿ ಕ್ಸೆನೊಫೋನನಾಗಲಿ ಇಷ್ಟು ಕರಾರುವಾಕ್ಕಾಗಿ ಹೇಳಿಲ್ಲ. ಗ್ರೀಕ್ ಕಥನಗಳಲ್ಲಿ ಹಗುರ ಬಟ್ಟೆಯ, ಮೆತ್ತನೆ ಮೈಯ ಪಾರಸಿಕನೇ ಹೆಚ್ಚು. ಇಲ್ಲಿರುವವನು ಕಬ್ಬಿಣ ತೊಟ್ಟವನು.

ಇಂಥ ಪತ್ರಗಳನ್ನು ಆಧರಿಸಿ ಹಿಂದಿನ ವಿದ್ವಾಂಸರಲ್ಲಿ ಕೆಲವರು ಒಂದು ಅವನತಿಯ ಕಥೆಯನ್ನು ಕಟ್ಟಿದರು: ಹಿಡುವಳಿದಾರರು ಸಾಲಕ್ಕೆ ಸಿಕ್ಕಿದರು, ಬಿಲ್ಲಿನ ಭೂಮಿ ವ್ಯಾಪಾರಿಗಳ ಕೈ ಸೇರಿತು, ಸೈನ್ಯ ಟೊಳ್ಳಾಯಿತು, ಆದ್ದರಿಂದ ಅರಸರು ಗ್ರೀಕ್ ಕೂಲಿಪಡೆಗಳನ್ನು ನೆಚ್ಚಿದರು, ಕೊನೆಗೆ ಅಲೆಕ್ಸಾಂಡರನಿಗೆ ಬಾಗಿಲು ತೆರೆಯಿತು. ಕಥೆ ಚೆನ್ನಾಗಿದೆ, ಆಧಾರ ಸಾಲದು. ಸಾಲದ ಪತ್ರಗಳು ಒಮ್ಮೆಲೇ ಹೆಚ್ಚಿದ್ದು ಮೊದಲನೆಯ ಅರ್ತಕ್ಸೆರ್ಕ್ಸೀಸ್ ತೀರಿಕೊಂಡು ಪಟ್ಟಕ್ಕಾಗಿ ಕಲಹ ನಡೆದ ಕ್ರಿ.ಪೂ. ೪೨೪–೪೨೩ರ ಆಸುಪಾಸಿನಲ್ಲಿ ಎಂಬುದನ್ನು ಮ್ಯಾಥ್ಯೂ ಸ್ಟಾಲ್ಪರ್ ೧೯೮೫ರ ತನ್ನ ಗ್ರಂಥದಲ್ಲಿ ಎತ್ತಿ ತೋರಿಸಿದ್ದಾನೆ. ಸಾಲಗಾರ ರೈತನಿಗೆ ಅದು ಕಷ್ಟದ ವರ್ಷವೇ. ಆದರೆ ದಂಡಿನ ಕರೆ ಬಂದಾಗ ಜನ ಹೊಲ ಒತ್ತೆಯಿಟ್ಟಾದರೂ ಹೊರಟರು ಎಂಬುದು ವ್ಯವಸ್ಥೆ ನಡೆಯುತ್ತಿದ್ದುದಕ್ಕೆ ಸಾಕ್ಷಿ. ಅದು ಕುಸಿದುದಕ್ಕೆ ಸಾಕ್ಷಿಯಾಗದು. ಗದಲ್-ಯಾಮನ ಪತ್ರದಲ್ಲಿ ಬಡತನವನ್ನು ಮಾತ್ರ ಕಂಡವರು ಅದರ ಕೊನೆಯಲ್ಲಿ ಒಬ್ಬ ಸುಸಜ್ಜಿತ ಸವಾರ ಉರುಕಿಗೆ ಹೊರಟುನಿಂತಿದ್ದಾನೆ ಎಂಬುದನ್ನು ಮರೆತರು.

ಸೋಲುಗಳನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಕೈತಪ್ಪಿದ್ದ ಈಜಿಪ್ಟನ್ನು ಮರಳಿ ಪಡೆಯಲು ಕ್ರಿ.ಪೂ. ೩೭೩ರಲ್ಲಿ ಫರ್ನಾಬಾಜಸನ ನಾಯಕತ್ವದಲ್ಲಿ ದೊಡ್ಡ ಸೈನ್ಯ ಹೊರಟಿತು. ಅದು ನೈಲ್ ಮುಖಜಭೂಮಿಯೊಳಕ್ಕೆ ಕಾಲಿಟ್ಟೂ ಮುಂದುವರಿಯಲು ತಡಮಾಡಿತು, ಅಷ್ಟರಲ್ಲಿ ಪ್ರವಾಹ ಏರಿತು, ಸೈನ್ಯ ಹಿಂದಿರುಗಿತು. ಇದನ್ನು ಹೇಡಿತನದಿಂದ ವಿವರಿಸಲಾಗದು. ಕ್ಯಾಲೆಂಡರಿನಿಂದ ವಿವರಿಸಬಹುದು. ಮೂವತ್ತು ವರ್ಷಗಳ ಅನಂತರ, ಕ್ರಿ.ಪೂ. ೩೪೩–೩೪೨ರಲ್ಲಿ, ಮೂರನೆಯ ಅರ್ತಕ್ಸೆರ್ಕ್ಸೀಸ್ ಆ ದೇಶವನ್ನು ಗೆದ್ದುಕೊಂಡ. ಟೊಳ್ಳಾದ ಸೈನ್ಯದಿಂದ ಇದು ಆಗುವ ಕೆಲಸವಲ್ಲ. ನಿರ್ಣಾಯಕ ಕಾಲಾಳು ಕಾಳಗವೇ ಯುದ್ಧದ ಸಾರವೆಂದು ಭಾವಿಸುವ ಪಾಶ್ಚಾತ್ಯ ಸೇನಾ ಇತಿಹಾಸದ ಒಂದು ಧಾರೆಗೆ ಇಂಥ ದಂಡಯಾತ್ರೆಗಳು ಕಾಣಿಸುವುದೇ ಇಲ್ಲ.

ಈಜಿಪ್ಟಿನ ದಕ್ಷಿಣದ ಗಡಿಯಲ್ಲಿ, ಇಂದಿನ ಅಸ್ವಾನ್ ಬಳಿಯ ಎಲಿಫೆಂಟೈನ್ ದ್ವೀಪದಲ್ಲಿ, ಪಾರಸಿಕರ ಪರವಾಗಿ ಕಾವಲಿದ್ದ ಯೆಹೂದಿ ಸೈನಿಕರ ಅರಾಮಿಕ್ ಕಾಗದಪತ್ರಗಳು ದೊರೆತಿವೆ. ಮನೆ ಮಾರಾಟ, ಮದುವೆಯ ಕರಾರು, ಸಾಲ: ಇವೇ ಹೆಚ್ಚು. ಮಹ್ಸೇಯ ಎಂಬ ಸೈನಿಕ ತನ್ನ ಮಗಳು ಮಿಬ್ತಹ್ಯಾಳಿಗೆ ಆಸ್ತಿ ಬರೆದುಕೊಟ್ಟ ಪತ್ರಗಳು ಅವುಗಳಲ್ಲಿ ಪ್ರಸಿದ್ಧ. ಮನುಷ್ಯನ ಗುರುತು ಅವನ ತಂದೆಯ ಹೆಸರಿನಿಂದಷ್ಟೇ ಅಲ್ಲ, ‘ಇಂಥವನ ದೆಗೆಲ್’ ಎಂಬ ಪಡೆಯ ಹೆಸರಿನಿಂದಲೂ ಆಗುತ್ತದೆ. ದೆಗೆಲ್ ಎಂದರೆ ಮೂಲತಃ ಧ್ವಜ. ಪಡೆಯ ನಾಯಕರ ಹೆಸರುಗಳು ಪಾರಸಿಕ ಇಲ್ಲವೆ ಬ್ಯಾಬಿಲೋನೀಯ. ಸಾಮ್ರಾಜ್ಯದ ಸೈನ್ಯವೆಂದರೆ ಡೊರಿಸ್ಕಸಿನಲ್ಲಿ ಒಮ್ಮೆ ಕಂಡ ಮೆರವಣಿಗೆಗಿಂತ ಹೆಚ್ಚಾಗಿ, ತಲೆಮಾರುಗಟ್ಟಲೆ ಒಂದೇ ಬೀದಿಯಲ್ಲಿ ಮನೆ ಮಾಡಿಕೊಂಡು, ತಿಂಗಳ ಪಡಿ ಪಡೆದು, ನೆರೆಯವರೊಡನೆ ಗೋಡೆಯ ಜಗಳ ಆಡಿದ ಇಂಥ ಕುಟುಂಬಗಳು.

ಇಷ್ಟು ಹೇಳಿದ ಮೇಲೆ ದಾಖಲೆಗಳ ಮಿತಿಯನ್ನೂ ಹೇಳಬೇಕು. ಪರ್ಸೆಪೊಲಿಸ್ ಫಲಕಗಳು ಹದಿನಾರು ವರ್ಷಗಳವು, ಮುಖ್ಯವಾಗಿ ಒಂದು ಪ್ರಾಂತದವು. ಮುರಶೂ ದಾಖಲೆಗಳು ಒಂದು ಪಟ್ಟಣದ ಒಂದು ಮನೆತನದವು. ಗದಲ್-ಯಾಮನ ಒಪ್ಪಂದದಂಥದು ಇನ್ನೊಂದು ಸಿಕ್ಕಿಲ್ಲ. ಅವನ ಸಜ್ಜನ್ನು ಇಡೀ ಸಾಮ್ರಾಜ್ಯದ ಸವಾರರಿಗೆಲ್ಲ ತೊಡಿಸುವುದು ಹೆರೊಡೋಟಸನ ಗೋಡೆಯೊಳಗೆ ಜನರನ್ನು ತುಂಬಿದಂತೆಯೇ ಆದೀತು. ಯುದ್ಧಭೂಮಿಯಲ್ಲಿ ಏನಾಯಿತೆಂಬುದಕ್ಕೆ ಗ್ರೀಕರನ್ನು ಬಿಟ್ಟು ಗತಿಯಿಲ್ಲ. ೧೯೮೦ರ ದಶಕದಲ್ಲಿ ಹೆಲೀನ್ ಸಾನ್ಸಿಸಿ-ವೇರ್ಡೆನ್‌ಬರ್ಗ್ ಮತ್ತು ಅಮೆಲಿ ಕೂರ್ಟ್ ಮುಂತಾದವರು ನಡೆಸಿದ ಕಮ್ಮಟಗಳು, ೧೯೯೬ರ ಪಿಯೆರ್ ಬ್ರಿಯಾಂನ ಬೃಹದ್ಗ್ರಂಥ, ೨೦೦೭ರ ಕೂರ್ಟಳ ಆಕರಸಂಗ್ರಹ ಇವು ಸಾಮ್ರಾಜ್ಯದ ಅಧ್ಯಯನವನ್ನೇ ಬದಲಿಸಿದವು. ಸೈನ್ಯದ ಅಧ್ಯಯನ ಮಾತ್ರ ಬಹುಕಾಲ ಹಿಂದೆ ಉಳಿಯಿತು. ೨೦೨೧ರಲ್ಲಿ ಬಂದ ಷಾನ್ ಮ್ಯಾನಿಂಗನ ಗ್ರಂಥ ಪೂರ್ವದೇಶಗಳ ಆಕರಗಳನ್ನು ಮುಂದಿಟ್ಟು ಈ ಕೊರತೆಯನ್ನು ತುಂಬಲು ಯತ್ನಿಸಿದೆ. ಎಲಾಮೀಯ, ಅರಾಮಿಕ್ ಬಾರದ ನನ್ನಂಥವರು ಅನುವಾದಗಳನ್ನೇ ನೆಚ್ಚಬೇಕಾ‌ಗಿದೆ. ಆದರೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಬೋಧಿಸುವವರು ಮ್ಯಾರಥಾನಿನ ನಕ್ಷೆಯ ಪಕ್ಕದಲ್ಲಿ ಒಂದು ಪಡಿಯ ಫಲಕದ ಅನುವಾದವನ್ನಾದರೂ ಇಡಬಹುದು. ಹೆರೊಡೋಟಸನ ಪಟ್ಟಿಯಲ್ಲಿ ಹತ್ತಿಬಟ್ಟೆ ತೊಟ್ಟು, ಬಿದಿರಿನ ಬಿಲ್ಲು ಹಿಡಿದು, ಕಬ್ಬಿಣದ ಮೊನೆಯ ಬಾಣಗಳೊಡನೆ ನಿಂತ ಸಿಂಧೂ ತೀರದ ಭಾರತೀಯರನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಪರ್ಸೆಪೊಲಿಸಿನ ಫಲಕಗಳಲ್ಲಿ ಹಿಂದೂಶ್ ದೇಶಕ್ಕೂ ಸೂಸಾಕ್ಕೂ ನಡುವೆ ಓಡಾಡುತ್ತ ಹಿಟ್ಟು ಅಳೆಸಿಕೊಂಡ ಭಾರತೀಯರನ್ನು ಉಲ್ಲೇಖಿಸುವವರು ಕಡಿಮೆ.

ಸಾಮ್ರಾಜ್ಯದ ಇನ್ನೊಂದು ತುದಿಯಾದ ಬ್ಯಾಕ್ಟ್ರಿಯದಿಂದಲೂ ಈಗ ಅರಾಮಿಕ್ ಪತ್ರಗಳು ಬೆಳಕಿಗೆ ಬಂದಿವೆ. ಜೋಸೆಫ್ ನಾವೆ ಮತ್ತು ಶೌಲ್ ಶಾಕೆದ್ ಅವನ್ನು ೨೦೧೨ರಲ್ಲಿ ಪ್ರಕಟಿಸಿದರು. ಕ್ರಿ.ಪೂ. ೪ನೆಯ ಶತಮಾನದ ಒಂದು ಪತ್ರದಲ್ಲಿ ಅಖ್ವಮಜ್ದನೆಂಬ ಮೇಲಧಿಕಾರಿ ಬಗವಂತನೆಂಬ ಕೆಳಗಿನ ಅಧಿಕಾರಿಗೆ ಬರೆಯುತ್ತಾನೆ. ನಿಖ್‌ಷಪಾಯ ಎಂಬ ಊರಿಗೆ ಕೋಟೆಗೋಡೆ ಕಟ್ಟಲು ಅವನ ಕೈಕೆಳಗಿನ ಸೈನಿಕರನ್ನು ಹಚ್ಚಲಾಗಿದೆ. ಅಷ್ಟರಲ್ಲಿ ಮಿಡತೆಗಳು ಬಂದಿವೆ, ಬೆಳೆ ಕೊಯ್ಲಿಗೆ ನಿಂತಿದೆ. ಗೋಡೆಯ ಕೆಲಸ ನಿಲ್ಲಿಸಿ ಸೈನಿಕರನ್ನು ಹೊಲಕ್ಕೆ ಬಿಡಲು ಬಗವಂತ ಅಪ್ಪಣೆ ಕೇಳಿದ್ದಾನೆ. ಅಪ್ಪಣೆ ಸಿಕ್ಕಿದೆ: ಸೈನಿಕರು ಮೊದಲು ಬೆಳೆ ಉಳಿಸಿಕೊಳ್ಳಲಿ, ಗೋಡೆಯನ್ನು ಅನಂತರ ಕಟ್ಟಲಿ.